ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ: ಕಲ್ಲಿದ್ದಲು ಯಾವ ಹೊತ್ತಿಗೆ ಅಗ್ಗ, ಯಾವ ಹೊತ್ತಿಗೆ ದುಬಾರಿ

ಕಲ್ಲಿದ್ದಲಿನ ವಿದ್ಯುತ್ತು ಅಗ್ಗವೋ ಸೌರ ವಿದ್ಯುತ್ತು ಅಗ್ಗವೋ ಎಂಬ ಚರ್ಚೆಯಲ್ಲಿ ಸಾಮಾನ್ಯವಾಗಿ ಯೂನಿಟ್ಟಿಗೆ ಇಷ್ಟು ರೂಪಾಯಿ ಎಂಬ ಎರಡು ಸಂಖ್ಯೆಗಳನ್ನು ಎದುರುಬದುರು ಇಟ್ಟು ತೀರ್ಪು ಕೊಡಲಾಗುತ್ತದೆ. ಆ ತೀರ್ಪು ಎಷ್ಟು ಅಪೂರ್ಣವೆಂಬುದನ್ನು ತಿಳಿಯಲು ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣಾ ನದಿಯ ದಂಡೆಯಲ್ಲಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲಿಲ್ಲ. ಎಲ್ಲರೂ ಆರ್‌ಟಿಪಿಎಸ್ ಎಂದೇ ಕರೆಯುವ ಈ ಕೇಂದ್ರದಲ್ಲಿ 210 ಮೆಗಾವಾಟಿನ ಏಳು ಮತ್ತು 250 ಮೆಗಾವಾಟಿನ ಒಂದು, ಒಟ್ಟು 1,720 ಮೆಗಾವಾಟ್ ಸಾಮರ್ಥ್ಯದ ಎಂಟು ಘಟಕಗಳಿವೆ. ಮೊದಲ ಘಟಕ 1985ರಲ್ಲಿ, ಎಂಟನೆಯದು 2010ರಲ್ಲಿ ಕೆಲಸ ಆರಂಭಿಸಿದವು. ಹಳೆಯ ಘಟಕಗಳಿಗೆ ನಲವತ್ತು ವರ್ಷವಾಗಿರುವ ಈ ಹೊತ್ತಿನಲ್ಲಿ ಅವುಗಳನ್ನು ಮುಚ್ಚಬೇಕೇ, ಉಳಿಸಿಕೊಳ್ಳಬೇಕೇ, ಉಳಿಸಿಕೊಂಡರೆ ಯಾವ ಕೆಲಸಕ್ಕೆ ಎಂಬ ಪ್ರಶ್ನೆಯನ್ನು ಲೆಕ್ಕ ಹಾಕಿ ನೋಡುವುದು ಈ ಅಧ್ಯಯನದ ಉದ್ದೇಶ.

ಕಲ್ಲಿದ್ದಲಿಲ್ಲದ ನಾಡಿಗೆ ಕಲ್ಲಿದ್ದಲು ಬಂದದ್ದು

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿದ ದಿನದಿಂದ ಎಂಟು ದಶಕಗಳ ಕಾಲ ಇಲ್ಲಿನ ಉತ್ಪಾದನೆಯೆಲ್ಲ ಹೆಚ್ಚುಕಡಿಮೆ ನೀರಿನಿಂದಲೇ ನಡೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, 1,035 ಮೆಗಾವಾಟಿನ ಶರಾವತಿ ಕೇಂದ್ರ ಬೆಳೆದ ಮೇಲೆ ರಾಜ್ಯಕ್ಕೆ ದೇಶದಲ್ಲೇ ಅತಿ ಅಗ್ಗದ ವಿದ್ಯುತ್ತು ಸಿಗುತ್ತಿತ್ತು. ಹಾಕಿದ ಬಂಡವಾಳ ಎಂದೋ ತೀರಿರುವುದರಿಂದ ಶರಾವತಿಯ ಒಂದು ಯೂನಿಟ್ ಇಂದಿಗೂ ಒಂದು ರೂಪಾಯಿಯೊಳಗೆ ಬೀಳುತ್ತದೆ. ಆದರೆ ನೀರಿಗೆ ಒಂದು ದೋಷವಿದೆ. ಮಳೆ ಕೈಕೊಟ್ಟ ವರ್ಷ ಆ ಅಗ್ಗದ ಯೂನಿಟ್ ಯಾವ ಬೆಲೆಗೂ ಸಿಗುವುದಿಲ್ಲ. ಬರಗಾಲದಲ್ಲಿ ಕಾರ್ಖಾನೆಗಳಿಗೆ ವಿದ್ಯುತ್ ಕಡಿತ ಮಾಡಬೇಕಾಗಿ ಬಂದ ಅನುಭವವೇ ಕರ್ನಾಟಕ ವಿದ್ಯುತ್ ನಿಗಮವನ್ನು ರಾಯಚೂರಿನ ಕಡೆಗೆ ನಡೆಸಿತು. ಕೃಷ್ಣೆಯ ನೀರು, ಮುಂಬೈ–ಚೆನ್ನೈ ರೈಲುಮಾರ್ಗ ಮತ್ತು ತೆಲಂಗಾಣದ ಸಿಂಗರೇಣಿಯ ಗಣಿಗಳ ಸಾಮೀಪ್ಯ, ಈ ಮೂರೂ ಕೂಡಿಬರುವ ಜಾಗ ರಾಜ್ಯದಲ್ಲಿ ಬೇರೆ ಇರಲಿಲ್ಲ.

ಹೀಗಾಗಿ ರಾಯಚೂರಿನ ಕಲ್ಲಿದ್ದಲು ಮೂಲತಃ ಬರಗಾಲದ ವಿರುದ್ಧ ಮಾಡಿಸಿಕೊಂಡ ವಿಮೆಯಾಗಿತ್ತು. ಈ ಮೂಲ ಉದ್ದೇಶವನ್ನು ನಾವು ನಡುವೆ ಮರೆತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಕೇಂದ್ರವು ವರ್ಷವಿಡೀ ದುಡಿಯತೊಡಗಿದಾಗ, ಒಂದು ಕಾಲಕ್ಕೆ ರಾಜ್ಯದ ಬೇಡಿಕೆಯ ದೊಡ್ಡ ಪಾಲನ್ನು ತಾನೇ ಹೊತ್ತಾಗ, ಅದನ್ನು ಅದರ ಸರಾಸರಿ ಬೆಲೆಯಿಂದಲೇ ಅಳೆಯುವ ರೂಢಿ ಬೆಳೆಯಿತು.

ಒಂದು ಯೂನಿಟ್ಟಿನ ಒಳಗಿರುವ ದೂರ

ಶಾಖೋತ್ಪನ್ನ ವಿದ್ಯುತ್ತಿನ ದರಕ್ಕೆ ಎರಡು ಭಾಗಗಳಿವೆ. ಬಂಡವಾಳದ ಬಡ್ಡಿ, ಸವಕಳಿ, ಷೇರುದಾರರ ಲಾಭಾಂಶ, ಸಿಬ್ಬಂದಿ ಮತ್ತು ನಿರ್ವಹಣೆಯ ಖರ್ಚುಗಳು ಸೇರಿ ಸ್ಥಿರ ವೆಚ್ಚವಾಗುತ್ತವೆ. ಕೇಂದ್ರ ಓಡಿದರೂ ನಿಂತರೂ ಎಸ್ಕಾಂಗಳು, ಅಂದರೆ ವಿದ್ಯುತ್ ಹಂಚುವ ಕಂಪನಿಗಳು, ಇದನ್ನು ಕೊಡಲೇಬೇಕು. ಇಂಧನದ ಖರ್ಚು ಮಾತ್ರ ಚರ ವೆಚ್ಚ, ಅಂದರೆ ಓಡಿದಷ್ಟಕ್ಕೆ ಮಾತ್ರ ತೆರುವ ಹಣ. ಯಾವ ಕೇಂದ್ರ ಇಂದು ಓಡಬೇಕು, ಯಾವುದು ನಿಲ್ಲಬೇಕು ಎಂಬುದನ್ನು ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರವು ಚರ ವೆಚ್ಚದ ಏರಿಕೆಯ ಕ್ರಮದಲ್ಲಿ ತೀರ್ಮಾನಿಸುತ್ತದೆ. ಆದ್ದರಿಂದ ಹಳೆಯ ಕೇಂದ್ರದ ಭವಿಷ್ಯವನ್ನು ನಿರ್ಧರಿಸುವುದು ಅದರ ಇಂಧನದ ಬೆಲೆ.

ರಾಯಚೂರಿನ ಇಂಧನದ ಲೆಕ್ಕ ಹೀಗೆ ಸಾಗುತ್ತದೆ. ನಮ್ಮ ಗಣಿಗಳ ಕಲ್ಲಿದ್ದಲಿನಲ್ಲಿ ಕಿಲೋಗೆ ಸುಮಾರು 3,600 ಕಿಲೋಕ್ಯಾಲರಿ ಶಾಖವಿದೆ ಎಂದುಕೊಳ್ಳೋಣ. 210 ಮೆಗಾವಾಟಿನ ಹಳೆಯ ಘಟಕಕ್ಕೆ ಒಂದು ಯೂನಿಟ್ ಉತ್ಪಾದಿಸಲು ಸುಮಾರು 2,450 ಕಿಲೋಕ್ಯಾಲರಿ ಬೇಕು, ಅಂದರೆ ಯೂನಿಟ್ಟಿಗೆ 680 ಗ್ರಾಂ ಕಲ್ಲಿದ್ದಲು. ಕೇಂದ್ರದ ಅಂಗಳಕ್ಕೆ ಬಂದು ಬೀಳುವ ಕಲ್ಲಿದ್ದಲಿಗೆ ಟನ್ನಿಗೆ 5,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ಉತ್ಪಾದನೆಯ ಹಂತದಲ್ಲಿ ಯೂನಿಟ್ಟಿಗೆ 3.40 ರೂಪಾಯಿ ಆಯಿತು. ಕಲ್ಲಿದ್ದಲನ್ನು ಅರೆಯುವ ಗಿರಣಿ, ಗಾಳಿ ಊದುವ ಫ್ಯಾನು, ನೀರೆತ್ತುವ ಪಂಪುಗಳಿಗೆ ಕೇಂದ್ರವೇ ಸುಮಾರು ಎಂಟೂವರೆ ಶೇಕಡಾ ವಿದ್ಯುತ್ ಬಳಸಿಕೊಳ್ಳುವುದರಿಂದ ಹೊರಗೆ ಹೋಗುವ ಯೂನಿಟ್ಟಿನ ಇಂಧನ ವೆಚ್ಚ 3.72 ರೂಪಾಯಿ ಆಗುತ್ತದೆ.

ಈ 5,000 ರೂಪಾಯಿಯಲ್ಲಿ ಕಲ್ಲಿದ್ದಲಿಗೆ ಸೇರುವುದು ಎಷ್ಟು ಎಂಬುದು ಮುಖ್ಯ. ಕೋಲ್ ಇಂಡಿಯಾದ ಕೆಳದರ್ಜೆಯ ಕಲ್ಲಿದ್ದಲಿಗೆ ಗಣಿಯ ಬಾಯಲ್ಲಿ ಟನ್ನಿಗೆ ಸಾವಿರ ರೂಪಾಯಿಗಿಂತ ಕಡಿಮೆ ಮೂಲಬೆಲೆ ಇದ್ದದ್ದುಂಟು, ಸಿಂಗರೇಣಿಯದು ಅದಕ್ಕಿಂತ ದುಬಾರಿ. ಉಳಿದದ್ದು ಶೇಕಡಾ 14ರ ರಾಯಧನ, ತೆರಿಗೆ, ತೊಳೆಯುವ ಖರ್ಚು ಮತ್ತು ಎಲ್ಲಕ್ಕಿಂತ ಮಿಗಿಲಾಗಿ ರೈಲು ಬಾಡಿಗೆ. ಸಿಂಗರೇಣಿ ಹತ್ತಿರದ್ದಾದರೂ ಒಡಿಶಾದ ತಾಲ್ಚೇರಿನಿಂದಲೂ ಮಹಾರಾಷ್ಟ್ರದ ಗಣಿಗಳಿಂದಲೂ ಬರುವ ಕಲ್ಲಿದ್ದಲು ನೂರಾರು ಕಿಲೋಮೀಟರ್ ಸಾಗಿ ಬರಬೇಕು. ಆ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗದಷ್ಟು ಬೂದಿಯೇ ಇರುವುದರಿಂದ ಪ್ರತಿ ಮೂರು ವ್ಯಾಗನ್‌ಗಳಲ್ಲಿ ಒಂದು ಉರಿಯದ ಮಣ್ಣನ್ನೇ ಹೊತ್ತು ತರುತ್ತದೆ. ಎಂಟೂ ಘಟಕಗಳು ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ದಿನಕ್ಕೆ ಸುಮಾರು 28,000 ಟನ್, ಅಂದರೆ ಏಳೆಂಟು ಗೂಡ್ಸ್ ರೈಲು ರೇಕ್‌ಗಳು ಬೇಕು. ಭಾರತೀಯ ರೈಲ್ವೆ ಪ್ರಯಾಣಿಕರ ಟಿಕೆಟ್ ನಷ್ಟವನ್ನು ಸರಕು ಸಾಗಣೆಯ ಆದಾಯದಿಂದ ತುಂಬಿಕೊಳ್ಳುವುದು ಬಹುಕಾಲದ ಪದ್ಧತಿ, ಸರಕಿನಲ್ಲಿ ಅರ್ಧದಷ್ಟು ಕಲ್ಲಿದ್ದಲೇ. ರಾಯಚೂರಿನ ವಿದ್ಯುತ್ತಿಗೆ ಬಿಲ್ ಕಟ್ಟುವ ಗ್ರಾಹಕನು ಹೀಗೆ ದೇಶದ ರೈಲು ಪ್ರಯಾಣಿಕನ ಟಿಕೆಟ್ಟಿಗೂ ಪಾಲು ಕೊಡುತ್ತಿದ್ದಾನೆ. ಕಲ್ಲಿದ್ದಲು ಸ್ವಭಾವತಃ ದುಬಾರಿ ಎಂದು ಹೇಳುವವರು ಈ ಸಂಗತಿಯನ್ನು ಬಿಟ್ಟುಬಿಡಬಾರದು.

ಹೋಲಿಕೆಗಾಗಿ ಗಣಿಬಾಯಿಯ ಕೇಂದ್ರಗಳನ್ನು, ಅಂದರೆ ಗಣಿಯ ಪಕ್ಕದಲ್ಲೇ ಕಟ್ಟಿದವುಗಳನ್ನು, ನೋಡಬಹುದು. ಸಿಂಗ್ರೌಲಿ, ಕೊರ್ಬಾದಂಥ ಕೇಂದ್ರಗಳ ಇಂಧನ ವೆಚ್ಚ ಯೂನಿಟ್ಟಿಗೆ ಎರಡು ರೂಪಾಯಿಯೊಳಗೇ ಇರುತ್ತದೆ. 2025ರಲ್ಲಿ ಬಿಹಾರದ ಪೀರ್‌ಪೈಂತಿಯ 2,400 ಮೆಗಾವಾಟ್ ಯೋಜನೆಗೆ ಒಪ್ಪಿಗೆಯಾದ ದರ 6.075 ರೂಪಾಯಿ, ಅದರಲ್ಲಿ ಇಂಧನಕ್ಕೆ ಕೇವಲ 1.91, ಸ್ಥಿರ ವೆಚ್ಚಕ್ಕೆ 4.165. ರಾಯಚೂರಿನದು ಇದಕ್ಕೆ ನೇರ ವಿರುದ್ಧವಾದ ಆಕೃತಿ. ಇಲ್ಲಿ ಬಂಡವಾಳ ಬಹುಪಾಲು ತೀರಿದೆ, ಇಂಧನ ದುಬಾರಿ. ಎರಡನ್ನೂ ‘ಕಲ್ಲಿದ್ದಲಿನ ವಿದ್ಯುತ್’ ಎಂಬ ಒಂದೇ ಹೆಸರಿನಡಿ ಸೇರಿಸಿ ಸರಾಸರಿ ತೆಗೆದರೆ ಯಾವ ನಿರ್ಧಾರಕ್ಕೂ ಉಪಯೋಗವಾಗದ ಸಂಖ್ಯೆ ಸಿಗುತ್ತದೆ.

ದೂರದ ಸಮಸ್ಯೆಯನ್ನು ತೆರಿಗೆ ನೀತಿಯೂ ಆಗಾಗ ತಿರುವಿಹಾಕಿದೆ. 2010ರಲ್ಲಿ ಟನ್ನಿಗೆ 50 ರೂಪಾಯಿಯಿಂದ ಆರಂಭವಾದ ಕಲ್ಲಿದ್ದಲು ಸೆಸ್ 2016ಕ್ಕೆ 400 ರೂಪಾಯಿ ಆಯಿತು, 2017ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್ ಆಗಿ ಮುಂದುವರಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ಸೆಸ್ ತೆಗೆದು ಜಿಎಸ್‌ಟಿಯನ್ನು ಶೇಕಡಾ 5ರಿಂದ 18ಕ್ಕೆ ಏರಿಸಲಾಯಿತು. ತೆರಿಗೆಗೆ ಒಳಪಡುವ ಮೌಲ್ಯ ಟನ್ನಿಗೆ ಸುಮಾರು 3,077 ರೂಪಾಯಿಗಿಂತ ಕಡಿಮೆ ಇರುವ ಕಲ್ಲಿದ್ದಲಿಗೆ ಇದರಿಂದ ಲಾಭ, ಹೆಚ್ಚಿರುವುದಕ್ಕೆ ನಷ್ಟ. 1,500 ರೂಪಾಯಿ ಮೌಲ್ಯದ ಕಲ್ಲಿದ್ದಲು ಉರಿಸಿದಾಗ ರಾಯಚೂರಿನ ಯೂನಿಟ್ಟಿಗೆ ಸುಮಾರು 15 ಪೈಸೆ ಉಳಿಯುತ್ತದೆ. ಆದರೆ ಬೂದಿ ಹೆಚ್ಚಿರುವ, ಮಾಲಿನ್ಯ ಹೆಚ್ಚು ಮಾಡುವ ಕಲ್ಲಿದ್ದಲಿಗೇ ಈ ವಿನಾಯಿತಿ ದೊರಕಿದ್ದು ಆರ್ಥಿಕವಾಗಿ ಎಷ್ಟೇ ಅನುಕೂಲವಾದರೂ ನನಗೆ ಸರಿಕಾಣುವುದಿಲ್ಲ.

ಸ್ವಂತ ಗಣಿಯ ದಾರಿಯನ್ನೂ ನಿಗಮ ಹಿಡಿದಿತ್ತು. ಮಹಾರಾಷ್ಟ್ರದ ಬರಾಂಜ್ ಗಣಿಯಿಂದ ಬರುತ್ತಿದ್ದ ಕಲ್ಲಿದ್ದಲು, 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ 204 ಗಣಿ ಹಂಚಿಕೆಗಳನ್ನು ರದ್ದುಪಡಿಸಿದಾಗ ಕೈತಪ್ಪಿತು. ಗಣಿ ಮತ್ತೆ ನಿಗಮಕ್ಕೇ ಹಂಚಿಕೆಯಾದರೂ ಉತ್ಪಾದನೆ ಪುನರಾರಂಭವಾಗಲು ವರ್ಷಗಳೇ ಹಿಡಿದವು.

ಇತರ ಇಂಧನಗಳು ಕಲಿಸಿದ್ದು

ದೂರದ ಕಲ್ಲಿದ್ದಲಿನ ಕಾಟ ತಪ್ಪಿಸಿಕೊಳ್ಳಲು ರಾಜ್ಯವು ಬೇರೆ ಇಂಧನಗಳನ್ನೂ ಪ್ರಯತ್ನಿಸಿದೆ. ಯಲಹಂಕದಲ್ಲಿ 1990ರ ದಶಕದಲ್ಲಿ ಡೀಸೆಲ್ ಕೇಂದ್ರ ಬಂದಿತು. 2001ರಲ್ಲಿ ಮಂಗಳೂರಿನ ತಣ್ಣೀರುಬಾವಿಯಲ್ಲಿ ತೇಲುವ ಬಾರ್ಜ್ ದೋಣಿಯ ಮೇಲೆ ನಿಂತ 220 ಮೆಗಾವಾಟಿನ ನಾಫ್ತಾ ಕೇಂದ್ರವು ಏಳು ವರ್ಷಗಳ ಕರಾರಿನೊಂದಿಗೆ ಕೆಲಸ ಆರಂಭಿಸಿತು. ಬೇಗ ಕಟ್ಟಬಹುದು, ಹಡಗಿನಂತೆ ಬೇರೆಡೆಗೆ ಒಯ್ಯಬಹುದು ಎಂಬುದು ಅದರ ಗುಣವಾಗಿತ್ತು. ಆದರೆ ನಾಫ್ತಾ ಕಚ್ಚಾತೈಲದ ಬೆಲೆಯ ಬೆನ್ನು ಹತ್ತಿ ಏರುವ ಇಂಧನ, ಕರಾರು ಮುಗಿದ 2008ರಲ್ಲೇ ಕಚ್ಚಾತೈಲ ಬ್ಯಾರೆಲ್ಲಿಗೆ 147 ಡಾಲರ್ ತಲುಪಿತು. ಕೇಂದ್ರವನ್ನು ಮುಂದೆ ಕಾಕಿನಾಡಕ್ಕೆ ಒಯ್ದು ಅನಿಲಕ್ಕೆ ಪರಿವರ್ತಿಸಲಾಯಿತು. ಅಲ್ಲಿಯೂ ಕೃಷ್ಣಾ–ಗೋದಾವರಿ ಕೊಳ್ಳದ ಅನಿಲ ಬತ್ತಿದಾಗ ಕೆಲಸವಿಲ್ಲದೆ ನಿಂತಿತು.

ಯಲಹಂಕದಲ್ಲೇ ಈಗ 370 ಮೆಗಾವಾಟಿನ ಅನಿಲ ಕೇಂದ್ರವಿದೆ, 2024ರಲ್ಲಿ ಉದ್ಘಾಟನೆಯಾಯಿತು. ಇದರ ದಕ್ಷತೆ ರಾಯಚೂರಿಗಿಂತ ಬಹಳ ಮೇಲು, ಬೂದಿಯೂ ಇಲ್ಲ. ಆದರೆ ಆಮದಾಗುವ ದ್ರವೀಕೃತ ಅನಿಲಕ್ಕೆ ದಶಲಕ್ಷ ಬಿಟಿಯುಗೆ (ಬಿಟಿಯು ಶಾಖದ ಒಂದು ಅಳತೆ) 12 ಡಾಲರ್ ಎಂದುಕೊಂಡರೆ, ಡಾಲರಿಗೆ 85 ರೂಪಾಯಿಯ ಲೆಕ್ಕದಲ್ಲಿ 1,020 ರೂಪಾಯಿಗೆ ಸುಮಾರು 138 ಯೂನಿಟ್ ಸಿಗುತ್ತದೆ, ಇಂಧನವೊಂದೇ ಯೂನಿಟ್ಟಿಗೆ 7.40 ರೂಪಾಯಿ. ಅನಿಲ 6 ಡಾಲರಿಗೆ ಇಳಿದರೆ ಮಾತ್ರ ರಾಯಚೂರಿನ ಸಮಕ್ಕೆ ಬರುತ್ತದೆ. ಉಡುಪಿಯ 1,200 ಮೆಗಾವಾಟಿನ ಕೇಂದ್ರ ಆಮದು ಕಲ್ಲಿದ್ದಲನ್ನು ನೆಚ್ಚಿಕೊಂಡದ್ದು. ಬಂದರಿಗೆ ಹತ್ತಿರವಿರುವುದರಿಂದ ರೈಲಿನ ಬಾಡಿಗೆ ಬಹುಪಾಲು ಉಳಿದರೂ, 2011ರಲ್ಲಿ ಇಂಡೋನೇಷ್ಯಾ ತನ್ನ ರಫ್ತು ಬೆಲೆಯ ನಿಯಮ ಬದಲಿಸಿದಾಗಲೂ 2022ರಲ್ಲಿ ಉಕ್ರೇನ್ ಯುದ್ಧದಿಂದ ಜಗತ್ತಿನ ಕಲ್ಲಿದ್ದಲು ಬೆಲೆ ಗಗನಕ್ಕೇರಿದಾಗಲೂ ಅದರ ಪೆಟ್ಟು ನೇರವಾಗಿ ಇಲ್ಲಿಗೆ ಬಡಿಯಿತು.

ಕೈಗಾದ ಅಣುಸ್ಥಾವರದ ನಾಲ್ಕು ಘಟಕಗಳು, ಒಟ್ಟು 880 ಮೆಗಾವಾಟ್, ಬೇರೆಯೇ ಬಗೆಯವು. ಅಲ್ಲಿ ಇಂಧನದ ಪಾಲು ಅಲ್ಪ, ಬಂಡವಾಳದ ಪಾಲು ಅಪಾರ. ಒಮ್ಮೆ ಕಟ್ಟಿದ ಮೇಲೆ ಹಗಲಿರುಳು ಓಡಿಸುವುದೇ ಲಾಭ. ಕೈಗಾದ ಮೊದಲ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿದ್ದು ಇದಕ್ಕೆ ಸಾಕ್ಷಿ. ಆದರೆ ಹೊಸದಾಗಿ ಕಟ್ಟಲು ಹಿಡಿಯುವ ವರ್ಷಗಳ ಬಡ್ಡಿಯೇ ಅದರ ದರವನ್ನು ಏರಿಸುತ್ತದೆ.

ಪಾವಗಡದ ಹಗಲು, ರಾಯಚೂರಿನ ಸಂಜೆ

ನಿಜವಾದ ಸ್ಪರ್ಧಿ ಬಂದದ್ದು ತುಮಕೂರು ಜಿಲ್ಲೆಯ ಪಾವಗಡದಿಂದ. ಮತ್ತೆಮತ್ತೆ ಬರಕ್ಕೆ ತುತ್ತಾದ ಆ ತಾಲ್ಲೂಕಿನ ಸುಮಾರು 13,000 ಎಕರೆಯನ್ನು ರೈತರಿಂದ ಖರೀದಿಸದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು 2,050 ಮೆಗಾವಾಟಿನ ಸೌರ ಉದ್ಯಾನ ಕಟ್ಟಲಾಯಿತು. ಸಾಮರ್ಥ್ಯದಲ್ಲಿ ಅದು ರಾಯಚೂರಿಗಿಂತ ದೊಡ್ಡದು. 2016ರಲ್ಲಿ ಅಲ್ಲಿನ ಆರಂಭದ ಹರಾಜುಗಳಲ್ಲಿ ಯೂನಿಟ್ಟಿಗೆ 4.80 ರೂಪಾಯಿಯ ಸುಮಾರಿಗಿದ್ದ ದರ 2018ರಲ್ಲಿ 3 ರೂಪಾಯಿಯ ಆಸುಪಾಸಿಗೆ ಇಳಿಯಿತು. ದೇಶದಲ್ಲಿ ಆಮೇಲೆ ಎರಡೂವರೆ ರೂಪಾಯಿಯ ಹರಾಜುಗಳು ಸಾಮಾನ್ಯವಾದವು.

ರಾಯಚೂರಿನ ಇಂಧನ ವೆಚ್ಚ 3.72, ಹೊಸ ಸೌರ ವಿದ್ಯುತ್ತಿನ ಪೂರ್ಣ ದರ 2.50. ಹಳೆಯ ಕೇಂದ್ರದ ಕಲ್ಲಿದ್ದಲಿನ ಬೆಲೆಗಿಂತ ಹೊಸ ಸೌರಫಲಕದ ಬಂಡವಾಳ, ಬಡ್ಡಿ, ಲಾಭ ಎಲ್ಲ ಸೇರಿದ ಬೆಲೆಯೇ ಕಡಿಮೆ. ಹಗಲು ಹತ್ತರಿಂದ ನಾಲ್ಕರವರೆಗೆ ತೀರ್ಪು ಸ್ಪಷ್ಟ. ರಾಜ್ಯ ಸರ್ಕಾರ ಮೂವತ್ತು ಲಕ್ಷ ಮೀರಿದ ಕೃಷಿ ಪಂಪ್‌ಸೆಟ್‌ಗಳ ಹೊರೆಯನ್ನು ರಾತ್ರಿಯಿಂದ ಹಗಲಿಗೆ ಸರಿಸುತ್ತ ಬಂದದ್ದು ಈ ಕಾರಣಕ್ಕೆ ಬಹಳ ಸರಿಯಾದ ಕ್ರಮ. ಹಾವು, ಚೇಳು, ಕಾಡುಹಂದಿಯ ಭಯದಲ್ಲಿ ನಡುರಾತ್ರಿ ನೀರು ಕಟ್ಟಲು ಹೋಗುತ್ತಿದ್ದ ರೈತನಿಗೆ ಅದರಿಂದಾದ ಉಪಕಾರವನ್ನು ಯಾವ ದರಪಟ್ಟಿಯೂ ತೋರಿಸುವುದಿಲ್ಲ.

ಸಂಜೆಯ ಲೆಕ್ಕ ಬೇರೆ. ಫೆಬ್ರುವರಿಯಿಂದ ಮೇವರೆಗೆ ಸೂರ್ಯ ಮುಳುಗಿದ ಮೇಲೂ ಬೇಡಿಕೆ ಇಳಿಯುವುದಿಲ್ಲ. ಚಿತ್ರದುರ್ಗ, ಗದಗಗಳ ಗಾಳಿಯಂತ್ರಗಳಿಗೆ ಬಲ ಬರುವುದು ಮುಂಗಾರಿನಲ್ಲಿ, ಲಿಂಗನಮಕ್ಕಿಯ ನೀರನ್ನು ಮುಂದಿನ ಮಳೆಯವರೆಗೆ ಕಾಪಾಡಬೇಕು. ಆ ಐದಾರು ಗಂಟೆಗಳಿಗೆ ರಾಯಚೂರಿನ ಬೆಲೆ ಎಷ್ಟು?

ಹಳೆಯ 210 ಮೆಗಾವಾಟ್ ಘಟಕದ ನಿರ್ವಹಣೆಗೆ ಮೆಗಾವಾಟಿಗೆ ವರ್ಷಕ್ಕೆ ಸುಮಾರು 38 ಲಕ್ಷ ರೂಪಾಯಿ ಎಂದು ಹಿಡಿಯೋಣ, ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ಮಾನದಂಡವೂ ಇದರ ಆಸುಪಾಸಿನಲ್ಲಿದೆ. ಘಟಕ ವರ್ಷದ ಅರ್ಧ ಸಾಮರ್ಥ್ಯದಲ್ಲಿ ಓಡಿದರೆ ಇದು ಯೂನಿಟ್ಟಿಗೆ 95 ಪೈಸೆ, ಇಂಧನ ಸೇರಿ 4.67 ರೂಪಾಯಿ. ಐದನೇ ಒಂದು ಭಾಗ ಮಾತ್ರ ಓಡಿದರೆ 2.37, ಇಂಧನ ಸೇರಿ 6.09 ರೂಪಾಯಿ. ಇದರ ಮೇಲೆ ಇನ್ನೊಂದು ಹೊರೆ ಇದೆ. ಇಂಥ ಬಾಯ್ಲರನ್ನು ಬೆಳಿಗ್ಗೆ ಆರಿಸಿ ಸಂಜೆ ಹೊತ್ತಿಸಲಾಗುವುದಿಲ್ಲ, ತಣ್ಣಗಾದ ಘಟಕವನ್ನು ಮತ್ತೆ ಓಡಿಸಲು ಬಹಳ ಗಂಟೆಗಳೂ ತುಂಬ ಎಣ್ಣೆಯೂ ಬೇಕು, ಕೊಳವೆಗಳೂ ಸವೆಯುತ್ತವೆ. ಆದ್ದರಿಂದ ಸಂಜೆ ಬೇಕೆಂದರೆ ಹಗಲೂ ಕನಿಷ್ಠ ಶೇಕಡಾ 55ರ ಸಾಮರ್ಥ್ಯದಲ್ಲಿ ಓಡಿಸುತ್ತಿರಬೇಕು. ಎಂಟು ಗಂಟೆಯ ಹಗಲಿನಲ್ಲಿ 2.50 ರೂಪಾಯಿಯ ಸೌರ ವಿದ್ಯುತ್ತಿನ ಬದಲು 3.72ರ ಕಲ್ಲಿದ್ದಲು ಉರಿಸಿದ ನಷ್ಟವನ್ನು ಸಂಜೆಯ ಐದು ಗಂಟೆಯ ಯೂನಿಟ್‌ಗಳ ಮೇಲೆ ಹಾಕಿದರೆ ಪ್ರತಿಯೊಂದಕ್ಕೂ ಇನ್ನೂ ಒಂದು ರೂಪಾಯಿಗಿಂತ ಹೆಚ್ಚು ಸೇರುತ್ತದೆ. ಹಾಗಾಗಿ ಅರ್ಧ ಸಾಮರ್ಥ್ಯದಲ್ಲಿ ಓಡುವ ಘಟಕದ ಸಂಜೆಯ ಯೂನಿಟ್ಟಿನ ನಿಜವಾದ ಬೆಲೆ 5.70ರ ಹತ್ತಿರ.

ಎದುರಿಗೆ ಬ್ಯಾಟರಿ. 2022ರಲ್ಲಿ ಎರಡು ಗಂಟೆ ಸಂಗ್ರಹದ ಬ್ಯಾಟರಿಗೆ ಮೆಗಾವಾಟಿಗೆ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ದಾಟಿದ್ದ ಬಾಡಿಗೆ, 2024ರ ಕೊನೆಯ ಹರಾಜುಗಳಲ್ಲಿ ಕೇಂದ್ರ ಸರ್ಕಾರದ ಸಹಾಯಧನದೊಂದಿಗೆ 2.2 ಲಕ್ಷದ ಸುಮಾರಿಗೆ ಬಿದ್ದಿತು. ದಿನಕ್ಕೊಮ್ಮೆ ತುಂಬಿ ಖಾಲಿ ಮಾಡಿದರೆ ಯೂನಿಟ್ಟಿಗೆ 3.67 ರೂಪಾಯಿ. ಶೇಕಡಾ 15ರ ನಷ್ಟ ಸೇರಿ ತುಂಬುವ ಸೌರ ವಿದ್ಯುತ್ತಿಗೆ 2.94. ಒಟ್ಟು 6.61. ದಿನಕ್ಕೆರಡು ಬಾರಿ ಬಳಸಿದರೆ, ಎರಡೂ ಬಾರಿ ಅಗ್ಗದ ವಿದ್ಯುತ್ತೇ ಸಿಕ್ಕರೆ, 4.77. ರಾಯಚೂರಿನ ಸಂಜೆಯ ಬೆಲೆ ಈ ಎರಡರ ನಡುವೆ ಬಂದು ನಿಂತಿದೆ. ಅಂದರೆ ಹಗಲಿನಲ್ಲಿ ಈಗಾಗಲೇ ಸೋತಿರುವ ಕಲ್ಲಿದ್ದಲು, ಸಂಜೆಯಲ್ಲಿ ಅಂಚಿನ ಮೇಲಿದೆ, ಮತ್ತು ಅದು ಕಡಿಮೆ ಓಡಿದಷ್ಟೂ ಬೇಗ ಸೋಲುತ್ತದೆ.

ಬರಗಾಲದ ಪರೀಕ್ಷೆ

ಇಷ್ಟಕ್ಕೇ ನಿಲ್ಲಿಸಿ ಹಳೆಯ ಘಟಕಗಳನ್ನು ಮುಚ್ಚಿಬಿಡಿ ಎನ್ನುವುದು ಅವಸರವಾದೀತು. 2023ರಲ್ಲಿ ಮುಂಗಾರು ವಿಫಲವಾಯಿತು. ಜಲಾಶಯ ತುಂಬಲಿಲ್ಲ, ಮಳೆಗಾಲದಲ್ಲೇ ಪಂಪ್‌ಸೆಟ್‌ಗಳು ಓಡತೊಡಗಿ ಬೇಡಿಕೆ ಬೇಸಿಗೆಯ ಮಟ್ಟಕ್ಕೆ ಏರಿತು. ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಆದೇಶಿಸಬೇಕಾಯಿತು. ಎರಡು ಗಂಟೆಯ ಬ್ಯಾಟರಿ ಒಂದು ಸಂಜೆಯನ್ನು ದಾಟಿಸುತ್ತದೆ, ಆರು ತಿಂಗಳ ನೀರಿನ ಕೊರತೆಯನ್ನು ದಾಟಿಸುವುದಿಲ್ಲ. ಶರಾವತಿಯಲ್ಲಿ ಯೋಜಿಸಿರುವ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್, ಅಂದರೆ ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ಯೋಜನೆ, ಕೂಡ ದಿನದೊಳಗಿನ ಸಂಗ್ರಹವೇ. ಸಿಂಗಳೀಕದ ಅಭಯಾರಣ್ಯದೊಳಗೆ ಸುರಂಗ ಕೊರೆಯುವ ಆ ಯೋಜನೆಯ ಬೆಲೆಯನ್ನು ಬರೀ ಕೋಟಿಗಳಲ್ಲಿ ಹೇಳುವುದನ್ನು ನಾನು ಒಪ್ಪಲಾರೆ. ಬರಗಾಲದ ವಿಮೆಯಾಗಿ ರಾಯಚೂರಿನ ಕಲ್ಲಿದ್ದಲು ರಾಶಿಗೆ ಇಂದಿಗೂ ಅಷ್ಟೇ ಅಗ್ಗದ ಬದಲಿ ಇಲ್ಲ. 2023ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ 2030ರವರೆಗೆ ಶಾಖೋತ್ಪನ್ನ ಘಟಕಗಳನ್ನು ನಿವೃತ್ತಿಗೊಳಿಸಬೇಡಿ ಎಂದು ಸಲಹೆ ಕೊಟ್ಟದ್ದರ ಹಿಂದೆಯೂ ಇಂಥ ಭಯವೇ ಇದೆ.

ಆದರೆ ಈ ವಿಮೆಗಾಗಿ ಹೊಸ ಕಲ್ಲಿದ್ದಲು ಕೇಂದ್ರ ಕಟ್ಟುವುದು ಬೇರೆ ಮಾತು. ಮೆಗಾವಾಟಿಗೆ 8 ಕೋಟಿಯಂತೆ ಕಟ್ಟಿದ ಕೇಂದ್ರಕ್ಕೆ ವರ್ಷದ ಸ್ಥಿರ ವೆಚ್ಚ 1.3 ಕೋಟಿ ಎಂದುಕೊಂಡರೆ, ಶೇಕಡಾ 85 ಓಡಿದಾಗ ಅದು ಯೂನಿಟ್ಟಿಗೆ 1.87 ರೂಪಾಯಿ, ಶೇಕಡಾ 40 ಓಡಿದಾಗ 3.97. ರಾಯಚೂರಿನ ಪಕ್ಕದಲ್ಲೇ ಇರುವ ಯರಮರಸ್‌ನ 800 ಮೆಗಾವಾಟಿನ ಎರಡು ಘಟಕಗಳು ದಕ್ಷತೆಯಲ್ಲಿ ಮೇಲಾದರೂ, ಸೌರ ಮತ್ತು ಪವನ ವಿದ್ಯುತ್ತು ಉಕ್ಕುತ್ತಿದ್ದ ಕಾಲದಲ್ಲಿ ಹುಟ್ಟಿ, ಮೊದಲ ಹಲವು ವರ್ಷ ಬಹಳ ಕಡಿಮೆ ಓಡಿದವು. ಅವುಗಳ ಸ್ಥಿರ ವೆಚ್ಚ ಮಾತ್ರ ಎಸ್ಕಾಂಗಳ ಮೂಲಕ ಗ್ರಾಹಕರ ಬಿಲ್ಲಿಗೆ ಬಂದೇ ಬಂತು.

ಆದ್ದರಿಂದ ರಾಯಚೂರಿನ ಹಳೆಯ ಘಟಕಗಳನ್ನು ಮುಂಗಾರಿನ ನಾಲ್ಕು ತಿಂಗಳು ಪೂರ್ತಿ ನಿಲ್ಲಿಸಿ, ದುರಸ್ತಿ ಮಾಡಿ, ನವೆಂಬರಿನಿಂದ ಮೇವರೆಗೆ ಹಾಗೂ ಬರದ ವರ್ಷಗಳಲ್ಲಿ ಓಡಿಸುವುದು ಸರಿಯಾದ ದಾರಿ ಎಂದು ನನಗೆ ತೋರುತ್ತದೆ. ಅದಕ್ಕೆ ತಕ್ಕಂತೆ ಕಲ್ಲಿದ್ದಲು ಕರಾರುಗಳನ್ನೂ ಋತುಮಾನಕ್ಕೆ ಹೊಂದಿಸಬೇಕು, ದೂರದ ತಾಲ್ಚೇರಿನ ಪಾಲನ್ನು ಇಳಿಸಿ ಹತ್ತಿರದ ಗಣಿಗಳಿಗೆ ಆದ್ಯತೆ ಕೊಡಬೇಕು. ಬ್ಯಾಟರಿಗಳಿಗೆ ಜಾಗ ಹುಡುಕುವಾಗ ಶಕ್ತಿನಗರವನ್ನೇ ಮೊದಲು ನೋಡಬೇಕು, ಏಕೆಂದರೆ ಸಾವಿರಾರು ಮೆಗಾವಾಟ್ ಹೊರುವ ಪ್ರಸರಣ ಮಾರ್ಗಗಳೂ ವಿದ್ಯುತ್ ಬಲ್ಲ ಕೈಗಳೂ ಅಲ್ಲಿ ಈಗಾಗಲೇ ಇವೆ.

ಒಂದು ವೆಚ್ಚ ಮಾತ್ರ ಮೇಲಿನ ಯಾವ ಸಂಖ್ಯೆಯಲ್ಲೂ ಸೇರಿಲ್ಲ. ಪೂರ್ಣ ಸಾಮರ್ಥ್ಯದ ಒಂದು ದಿನಕ್ಕೆ ಒಂಬತ್ತು–ಹತ್ತು ಸಾವಿರ ಟನ್ ಬೂದಿ ಹುಟ್ಟುತ್ತದೆ. ಒಂದಷ್ಟು ಸಿಮೆಂಟ್ ಕಾರ್ಖಾನೆಗೂ ಇಟ್ಟಿಗೆಗೂ ಹೋಗುತ್ತದೆ, ಉಳಿದದ್ದು ನಲವತ್ತು ವರ್ಷಗಳಿಂದ ಹೊಂಡಗಳಲ್ಲಿ ಸೇರುತ್ತ ಬಂದಿದೆ. ಬೇಸಿಗೆಯ ಗಾಳಿಗೆ ಸುತ್ತಲ ಹಳ್ಳಿಗಳ ಬೆಳೆಯ ಮೇಲೂ ಮನೆಯ ಮೇಲೂ ಕೂರುವ ಹಾರುಬೂದಿಗೆ ದರಪಟ್ಟಿಯಲ್ಲಿ ಕಾಲಂ ಇಲ್ಲ. 2015ರಲ್ಲಿ ವಿಧಿಸಿದ ಗಂಧಕ ನಿಯಂತ್ರಣದ ನಿಯಮದಿಂದಲೂ 2025ರ ಜುಲೈನಲ್ಲಿ ದೇಶದ ಹೆಚ್ಚಿನ ಕೇಂದ್ರಗಳಿಗೆ ವಿನಾಯಿತಿ ಸಿಕ್ಕಿತು. ಆ ಉಪಕರಣಕ್ಕೆ ಯೂನಿಟ್ಟಿಗೆ 25–30 ಪೈಸೆ ಬೀಳುತ್ತಿತ್ತು, ಅಷ್ಟನ್ನು ಉಳಿಸಿದ್ದೇವೆ ಎಂದರೆ ಅಷ್ಟನ್ನು ಉಸಿರಾಡುವವರ ಮೇಲೆ ಹಾಕಿದ್ದೇವೆ ಎಂದೇ ಅರ್ಥ. ಘಟಕಗಳು ಮುಚ್ಚುವ ದಿನ ಬೂದಿ ಹೊಂಡಗಳನ್ನು ಮಣ್ಣು ಹಾಕಿ ಮುಚ್ಚಿ, ಅಂತರ್ಜಲ ಪರೀಕ್ಷಿಸಿ, ನೆಲವನ್ನು ಮತ್ತೆ ಬಳಕೆಗೆ ತರುವ ಖರ್ಚನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಘಟಕಗಳು ಓಡುತ್ತಿರುವಾಗಲೇ ಅವುಗಳ ದರದೊಳಗೆ ಸೇರಿಸಿ, ಪ್ರತ್ಯೇಕ ನಿಧಿಯಾಗಿ ಕೂಡಿಡಿಸಬೇಕು. ಓಡುವುದು ನಿಂತ ಮೇಲೆ ಆ ಹಣವನ್ನು ಕಟ್ಟಲು ಯಾವ ಯೂನಿಟ್ಟೂ ಉಳಿದಿರುವುದಿಲ್ಲ, ಬಿಲ್ಲು ಕೇಂದ್ರದ ಪಕ್ಕದ ದೇವಸೂಗೂರಿನ ಸುತ್ತಲಿನ ಊರುಗಳ ಪಾಲಿಗೇ ಬರುತ್ತದೆ.